ಒಂದೇ ಬೆನ್ನಿನ ಮೇಲೆ ಸೀಮೆಯ ಭಾರ

ದಶಲಕ್ಷಣ ಪರ್ವದ ಒಂಬತ್ತನೆಯ ದಿನ ನಮ್ಮ ಬಸದಿಗಳಲ್ಲಿ ಉತ್ತಮ ಆಕಿಂಚನ್ಯ ಧರ್ಮದ ಮೇಲೆ ಪ್ರವಚನ ನಡೆಯುತ್ತದೆ. 'ನನ್ನದು' ಎಂಬ ಭಾವವೇ ಬಂಧಕ್ಕೆ ಮೂಲವೆಂಬುದನ್ನು ಕೇಳಿ, ತಲೆದೂಗಿ, ಗಂಧೋದಕವನ್ನು ಹಣೆಗಿಟ್ಟುಕೊಂಡು ನಾವು ಹೊರಗೆ ಬರುತ್ತೇವೆ. ಬಂದವರು ಜಗಲಿಯ ಮೇಲೆ ಕುಳಿತು ಮೊದಲು ಆಡುವ ಮಾತು ಯಾವುದು? ಚಾಲಿಯ ಧಾರಣೆ ಎಲ್ಲಿಗೆ ನಿಂತಿತು, ರಾಶಿ ಏರುವ ಲಕ್ಷಣವುಂಟೇ, ಕೊಳೆರೋಗಕ್ಕೆ ಎರಡನೆಯ ಬಾರಿ ಮದ್ದು ಹೊಡೆದಾಯಿತೇ ಎಂಬುದೇ. ಗೃಹಸ್ಥನಿಗೆ ವ್ಯವಹಾರದ ಮಾತು ನಿಷಿದ್ಧವಲ್ಲ. ಆದರೆ ಎಲ್ಲ ಜಗಲಿಗಳಲ್ಲೂ, ಎಲ್ಲ ಋತುಗಳಲ್ಲೂ, ಒಂದೇ ವಸ್ತುವಿನ ಮಾತು ಮಾತ್ರ ಉಳಿದಿದೆಯೆಂದರೆ ಅದು ವಿಚಾರಾರ್ಹವಾದ ಸಂಗತಿ.

'ಅಡಿಕೆಯ ಹೊರತು ಈ ಸೀಮೆಗೆ ಅನ್ಯ ಗತಿಯಿಲ್ಲ' ಎಂಬ ವಾಕ್ಯವನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಈಗ ಸಿದ್ಧಾಂತವೆಂಬಂತೆ ನುಡಿಯುತ್ತಾರೆ. ತೋಟಿಗರು ನುಡಿಯುತ್ತಾರೆ, ಜನಪ್ರತಿನಿಧಿಗಳು ನುಡಿಯುತ್ತಾರೆ, ವ್ಯಾಪಾರಿಗಳಾದ ನಾವು ಎಲ್ಲರಿಗಿಂತ ಗಟ್ಟಿಯಾಗಿ ನುಡಿಯುತ್ತೇವೆ. ಈ ವಾಕ್ಯ ಸತ್ಯವೂ ಅಲ್ಲ, ಧರ್ಮ್ಯವೂ ಅಲ್ಲ ಎಂಬುದು ನನ್ನ ವಾದ. ಇದನ್ನು ಹೇಳುವವನು ಇದೇ ವ್ಯಾಪಾರದಲ್ಲಿ ಮುಡಿ ನರೆಸಿಕೊಂಡವನು. ಆದುದರಿಂದ ಓದುಗರು ಇದನ್ನು ಹೊರಗಿನವನ ಆಕ್ಷೇಪವೆಂದು ಬದಿಗೆ ಸರಿಸಲಾಗದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಅತಿಲೋಭ, ಅತಿಭಾರವಹನ. ವ್ಯಾಖ್ಯಾನ ಪರಂಪರೆ ಇವನ್ನು ಬಿಡಿಸುವ ಬಗೆ ವರ್ತಕನಿಗೆ ಕನ್ನಡಿ ಹಿಡಿದಂತಿದೆ. ಎತ್ತನ್ನು ಅದು ನಡೆಯಬಲ್ಲ ದೂರಕ್ಕಿಂತ ಮುಂದಕ್ಕೆ ಅಟ್ಟುವುದು ಅತಿವಾಹನ. ಬೆಲೆ ಏರೀತೆಂದು ಸರಕನ್ನು ಕೂಡಿಡುವುದು ಅತಿಸಂಗ್ರಹ. ತಾನು ಮಾರಿದ ಮೇಲೆ ಧಾರಣೆ ಏರಿದುದನ್ನೋ ಪರರ ಲಾಭವನ್ನೋ ಕಂಡು ವಿಷಾದಪಡುವುದು ವಿಸ್ಮಯ. ವಿಶೇಷ ಲಾಭ ದೊರೆತ ಮೇಲೂ ಇನ್ನಷ್ಟಕ್ಕೆ ಬಾಯಿಬಿಡುವುದು ಅತಿಲೋಭ. ಹೊರಲಾಗದಷ್ಟು ಹೊರೆಯನ್ನು ಒಂದೇ ಬೆನ್ನಿನ ಮೇಲೆ ಏರಿಸುವುದು ಅತಿಭಾರವಹನ. ಆಚಾರ್ಯರ ಕಾಲದಲ್ಲಿ ಆ ಬೆನ್ನು ಎತ್ತಿನದು. ಇಂದು ನಮ್ಮ ಸೀಮೆಯಲ್ಲಿ ಅದು ಒಂದು ಮರದ್ದು. ಮಕ್ಕಳ ವಿದ್ಯಾಭ್ಯಾಸ, ಮದುವೆ, ಮನೆ, ಸೊಸೈಟಿಯ ಸಾಲ, ಪೇಟೆಯ ಅಂಗಡಿಗಳ ವ್ಯಾಪಾರ, ದೇವಸ್ಥಾನಗಳ ಜೀರ್ಣೋದ್ಧಾರ, ಎಲ್ಲವನ್ನೂ ಆ ಒಂದು ಸಪುರ ಕಾಂಡಕ್ಕೆ ಕಟ್ಟಿ, ಅದನ್ನೇ ಅಭಿವೃದ್ಧಿಯೆಂದು ಕರೆದಿದ್ದೇವೆ.

ಹಿಂದೆ ಹೀಗಿತ್ತೇ? ಸೋಂದಾ ಎಂಬ ಈ ಸುಧಾಪುರವನ್ನು 1801ರಲ್ಲಿ ಕಂಡ ಫ್ರಾನ್ಸಿಸ್ ಬುಕಾನನ್ ಹಾಳುಬಿದ್ದ ರಾಜಧಾನಿಯನ್ನು ವರ್ಣಿಸಿದಂತೆಯೇ ಇಲ್ಲಿಯ ತೋಟಗಳನ್ನೂ ವರ್ಣಿಸಿದ್ದಾನೆ. ಅವು ಕೇವಲ ಅಡಿಕೆ ತೋಟಗಳಲ್ಲ. ಅಡಿಕೆಯ ಮರಕ್ಕೆ ಮೆಣಸಿನ ಬಳ್ಳಿ, ವೀಳ್ಯದ ಬಳ್ಳಿ, ನಡುವೆ ಬಾಳೆ, ನೆರಳಿನಲ್ಲಿ ಏಲಕ್ಕಿ. ಸೋದೆಯ ಅರಸರ ಐಶ್ವರ್ಯಕ್ಕೆ ಮೆಣಸು ದೊಡ್ಡ ಆಧಾರವಾಗಿತ್ತು. ನಮ್ಮ ಸಮಾಜ ಹೆಮ್ಮೆಯಿಂದ ನೆನೆಯುವ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಆಕೆಯ ವೈಭವಕ್ಕೂ ಆಕೆಯ ರಾಜ್ಯದ ಮೇಲೆ ಬಿದ್ದ ಹೊರಗಿನವರ ಕಣ್ಣಿಗೂ ಅದೇ ಕಪ್ಪು ಕಾಳು ಕಾರಣವಾಯಿತು. ಒಂದು ವಸ್ತುವಿನಿಂದ ಹೆಸರಾದ ಸೀಮೆ ಆ ವಸ್ತುವಿನ ಗ್ರಾಹಕನಿಗೆ ಅರ್ಧ ಅಧೀನವಾಗಿರುತ್ತದೆ. ಇತಿಹಾಸದ ಈ ಪಾಠ ನಮ್ಮ ಮನೆಯೊಳಗಿನದೇ.

ನನ್ನ ತಂದೆಯವರ ಕಾಲದ ರೋಜುಕಿರ್ದಿಗಳು ಇಂದಿಗೂ ನನ್ನಲ್ಲಿವೆ. ಅವುಗಳಲ್ಲಿ ಅಡಿಕೆ ಇದೆ, ಅದೇ ಹೆಚ್ಚು. ಆದರೆ ಅದರ ಸಾಲಿನಲ್ಲೇ ಕಾಳುಮೆಣಸು, ಏಲಕ್ಕಿ, ಸೀಗೆಕಾಯಿ, ಅಂಟುವಾಳ, ವಾಟೆಹುಳಿ, ಮುರುಗಲು ಸಿಪ್ಪೆ, ಜೋನಿಬೆಲ್ಲ, ಅಕ್ಕಿ ಇವೆ. (ಜೇನು, ಮೇಣ, ಅರಗು ಇಲ್ಲ. ಏಕೆಂಬುದನ್ನು ಶ್ರಾವಕರಿಗೆ ವಿವರಿಸಬೇಕಾಗಿಲ್ಲ.) ನನ್ನ ಲೆಕ್ಕದ ಪುಸ್ತಕದಲ್ಲಿ ಈ ಹೆಸರುಗಳು ಒಂದೊಂದಾಗಿ ಕಾಣೆಯಾದವು. ಏಲಕ್ಕಿಯನ್ನು ಕಟ್ಟೆರೋಗ ತಿಂದಿತು. ಮೆಣಸನ್ನು ಸೊರಗು ರೋಗ ಮತ್ತೆ ಮತ್ತೆ ಒಣಗಿಸಿತು. ಸೀಗೆ, ಅಂಟುವಾಳಗಳನ್ನು ಸಾಬೂನು ಮೂಲೆಗೆ ತಳ್ಳಿತು. ಇವೆಲ್ಲ ಕಾರಣಗಳು ನಿಜ. ಆದರೆ ಅಷ್ಟೇ ನಿಜವಾದ ಇನ್ನೊಂದು ಕಾರಣವುಂಟು: ಅಡಿಕೆಯಲ್ಲಿ ಒಂದು ಚೀಟಿಗೆ ಬರುವ ದಲಾಲಿಯನ್ನು ನೋಡಿದ ಮೇಲೆ, ಹತ್ತು ಬಗೆಯ ಸಣ್ಣ ಸರಕುಗಳನ್ನು ಆರಿಸಿ, ತೂಗಿ, ಒಣಗಿಸಿ ಇಡುವ ತಾಳ್ಮೆ ನಮ್ಮಲ್ಲಿ ಉಳಿಯಲಿಲ್ಲ. ಕೊಳ್ಳುವವನಿಲ್ಲದ ಬೆಳೆಯನ್ನು ರೈತ ಬಿಟ್ಟನು. ಮೊದಲು ಬಿಟ್ಟವರು ನಾವು.

ವಾಣಿಜ್ಯಶಾಸ್ತ್ರದ ಮೊದಲ ಪಾಠವನ್ನು ಇಲ್ಲಿ ನೆನಪಿಸಬೇಕಾಗಿದೆ. ತನ್ನ ಬಂಡವಾಳವನ್ನೆಲ್ಲ ಒಬ್ಬನೇ ಸಾಲಗಾರನಿಗೆ, ಆತ ಎಷ್ಟೇ ಪ್ರಾಮಾಣಿಕನಾಗಿರಲಿ, ಯಾವ ವಿವೇಕಿಯಾದ ವರ್ತಕನೂ ಕೊಡುವುದಿಲ್ಲ. ಅಡಿಕೆ ಈವರೆಗೆ ಒಳ್ಳೆಯ ಸಾಲಗಾರನೇ. ಆದರೆ ಅದರ ಸ್ಥಿತಿಯನ್ನು ಒಮ್ಮೆ ಪರಿಶೀಲಿಸೋಣ. ಕೊಪ್ಪ, ಶೃಂಗೇರಿಗಳಲ್ಲಿ ಹಳದಿ ಎಲೆ ರೋಗಕ್ಕೆ ತುತ್ತಾದ ತೋಟಗಳಿಗೆ ದಶಕಗಳು ಕಳೆದರೂ ಮದ್ದು ದೊರೆತಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಮಲೆನಾಡಿನ ಉದ್ದಗಲಕ್ಕೂ ಹಬ್ಬಿದೆ. ಚನ್ನಗಿರಿಯಿಂದ ಹಿಡಿದು ಬಯಲುಸೀಮೆಯಲ್ಲಿ ಕೊಳವೆಬಾವಿಯ ನೀರಿನಿಂದ ಸಮತಟ್ಟಾದ ನೆಲದ ಮೇಲೆ ಅಡಿಕೆ ಬೆಳೆಯುತ್ತಿದೆ. ಕಣಿವೆಯ ಇಳಿಜಾರಿನಲ್ಲಿ ಮಳೆಯೊಡನೆ ಹೋರಾಡಿ ಬೆಳೆಯುವ ನಾವು ಖರ್ಚಿನ ಲೆಕ್ಕದಲ್ಲಿ ಅವರೊಡನೆ ಸ್ಪರ್ಧಿಸಲಾರೆವು. ಇನ್ನು ಧಾರಣೆ ನಿಂತಿರುವುದಾದರೂ ಯಾವುದರ ಮೇಲೆ? ಕೇಂದ್ರ ಸರ್ಕಾರವು 2017ರಲ್ಲಿ ಕಿಲೋಗೆ 251 ರೂಪಾಯಿ ಎಂದು ನಿಗದಿಪಡಿಸಿದ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿಸಿತು. ಆ ಗೋಡೆ ಬೇಕು. ಅದನ್ನು ನಾನು ವಿರೋಧಿಸುತ್ತಿಲ್ಲ. ಆದರೆ 2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆಗೆ ಅದೇ ಗೋಡೆಯಲ್ಲಿ ಬಾಗಿಲು ತೆರೆದವರೂ ಗೋಡೆ ಕಟ್ಟಿದವರೇ. ದೆಹಲಿಯಲ್ಲಿ ಹೊರಡುವ ಒಂದು ಅಧಿಸೂಚನೆಯ ಮೇಲೆ ಸೋಂದೆಯ ಒಲೆ ಉರಿಯಬೇಕಾದರೆ ಅದನ್ನು ಸ್ವಾವಲಂಬನೆಯೆಂದು ಹೇಗೆ ಕರೆಯೋಣ?

ಇದುವರೆಗೆ ಹೇಳಿದುದು ಲಾಭನಷ್ಟದ ಮಾತು. ಇನ್ನು ಹೇಳಬೇಕಾದುದು ವ್ರತದ ಮಾತು; ಇದನ್ನು ಬರೆಯುವಾಗ ನನ್ನ ಕೈ ಹಗುರಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟವಾದ ತನ್ನ ಸಂಪುಟದಲ್ಲಿ, ತಂಬಾಕು ಸೇರದಿದ್ದರೂ ಅಡಿಕೆಯು ಮನುಷ್ಯನಿಗೆ ಕ್ಯಾನ್ಸರ್‌ಕಾರಕವೆಂದು ಹೇಳಿ ಮೊದಲನೆಯ ವರ್ಗದಲ್ಲಿ ಇರಿಸಿತು. ಆ ವರ್ಗೀಕರಣ ತಾಂಬೂಲವನ್ನೂ ಬಿಟ್ಟಿಲ್ಲ. 'ದೋಷ ಗುಟ್ಕಾದ್ದು, ಅಡಿಕೆಯದಲ್ಲ' ಎಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ಹಾಗಿದ್ದರೆ ಗುಟ್ಕಾದ ವಿಷಯದಲ್ಲಿ ನಾವು ಮಾಡಿದ್ದೇನು? 2013ರಲ್ಲಿ ಕರ್ನಾಟಕದಲ್ಲಿ ಅದು ನಿಷಿದ್ಧವಾದಾಗ ನಮ್ಮ ಮೊದಲ ಚಿಂತೆ ಬಾಯಿಹುಣ್ಣಿನವರ ಬಗೆಗಲ್ಲ, ಧಾರಣೆಯ ಬಗೆಗಾಗಿತ್ತು. ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಮಾರಾಟವಾಗತೊಡಗಿದಾಗ ನಾವು ನಿಟ್ಟುಸಿರಿಟ್ಟೆವು.

ನಮ್ಮ ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕೆಂದೂ ಉಳಿದವುಗಳಲ್ಲಿ ಯತ್ನಾಚಾರದಿಂದ ನಡೆಯಬೇಕೆಂದೂ ವಿಧಿಸಿದರು. ಉದ್ಯೋಗೀ ಹಿಂಸೆ ಅನಿವಾರ್ಯವೆಂಬ ವಿನಾಯಿತಿಯ ನೆರಳಿನಲ್ಲಿ ನಾವು ಬಹುಕಾಲ ಸುಖವಾಗಿ ಕುಳಿತೆವು. ಆದರೆ ವಿನಾಯಿತಿ ದೊರೆತದ್ದು ತಿಳಿಯದೆ ಆಗುವುದಕ್ಕೆ, ಎಚ್ಚರವಹಿಸಿದರೂ ತಪ್ಪದ್ದಕ್ಕೆ. ಹಾನಿ ಗೊತ್ತಾದ ಮೇಲೆ, ಆ ಹಾನಿಯನ್ನು ಉಂಟುಮಾಡುವ ಬಳಕೆಯೇ ಹೆಚ್ಚಲೆಂದು ಮನಸ್ಸಿನಲ್ಲಿ ಹಾರೈಸುವ ವರ್ತಕನು ಉದ್ಯೋಗದ ಗಡಿಯನ್ನು ದಾಟಿ ಸಂಕಲ್ಪದ ಹೊಸ್ತಿಲಿಗೆ ಬಂದಿದ್ದಾನೆ. ಪಾನಕ್ಕೆ ಗಾಳಿಸಿದ ನೀರು, ಸೂರ್ಯಾಸ್ತಕ್ಕೆ ಮೊದಲು ಊಟ, ಕಂದಮೂಲಗಳ ತ್ಯಾಗ ಇಷ್ಟನ್ನೆಲ್ಲ ನಿಷ್ಠೆಯಿಂದ ಪಾಲಿಸುವ ನಾವು ವಖಾರಿಯ ಬಾಗಿಲಲ್ಲಿ ಮಾತ್ರ ವ್ರತವನ್ನು ಕಳಚಿಡುವುದು ಯಾವ ನ್ಯಾಯ?

'ಹಾಗಾದರೆ ತೋಟಗಳನ್ನು ಕಡಿದುಹಾಕೋಣವೇ?' ಎಂದು ಯಾರಾದರೂ ಸಿಟ್ಟಿನಿಂದ ಕೇಳಬಹುದು. ಖಂಡಿತ ಬೇಡ. ಸಾವಿರಾರು ಕುಟುಂಬಗಳ ಅನ್ನದ ಮೇಲೆ ಒಂದೇ ದಿನ ಕೊಡಲಿ ಎತ್ತುವುದೂ ಹಿಂಸೆಯೇ. ಅಡಿಕೆಯ ಉಪಕಾರವನ್ನು ಮರೆಯುವ ಕೃತಘ್ನತೆ ನನ್ನಲ್ಲಿಲ್ಲ. 1923ರಲ್ಲಿ ಆರಂಭವಾದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯಂತಹ ಸಹಕಾರಿ ಸಂಸ್ಥೆ ಸಣ್ಣ ತೋಟಿಗನನ್ನು ಸಾಹುಕಾರನ ಹಿಡಿತದಿಂದ ಬಿಡಿಸಿತು. ನಮ್ಮಂತಹ ಸಾಹುಕಾರರೇ ಇದನ್ನು ಒಪ್ಪಬೇಕು. ಆದುದರಿಂದಲೇ ನಾನು ಹೇಳುವುದು: ಕಡಿಯುವುದಲ್ಲ, ಭಾರವನ್ನು ಹಂಚುವುದು. ಮಹಾವ್ರತ ಮುನಿಗಳಿಗೆ; ನಮಗೆ ವಿಧಿಸಿದ್ದು ಅಣುವ್ರತ. ಅಣುವ್ರತವೆಂದರೆ ಅಳತೆ. ಅಡಿಕೆಯೊಂದರ ಮೇಲಣ ಅವಲಂಬನೆಯನ್ನು ವರ್ಷವರ್ಷಕ್ಕೆ ಅಳತೆಯಿಂದ ಇಳಿಸುವುದೇ ಅಹಿಂಸೆಗೂ ವಿವೇಕಕ್ಕೂ ಒಪ್ಪುವ ಏಕೈಕ ದಾರಿ.

ಇಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಬೆಳೆವೈವಿಧ್ಯವೆಂದರೆ ಅನೇಕಾಂತವೆಂದು ವೇದಿಕೆಯ ಮೇಲೆ ಭಾಷಣ ಮಾಡುವವರಿದ್ದಾರೆ. ಅನೇಕಾಂತ ವಸ್ತುಸ್ವರೂಪವನ್ನು ತಿಳಿಯುವ ದೃಷ್ಟಿ. ಅದು ತೋಟಗಾರಿಕೆಯ ಯೋಜನೆಯಲ್ಲ. ಸುಲಭದ ಸಾಮ್ಯಗಳಿಂದ ಧರ್ಮಕ್ಕೂ ಲಾಭವಿಲ್ಲ, ರೈತನಿಗೂ ಲಾಭವಿಲ್ಲ. ಹೊಸದೆಲ್ಲ ವೈವಿಧ್ಯವೂ ಅಲ್ಲ. ಇಪ್ಪತ್ತು ವರ್ಷಗಳ ಹಿಂದೆ, 2003ರ ಸುಮಾರಿಗೆ, ವೆನಿಲ್ಲಾ ಬಂದಿತು. ಮಡಗಾಸ್ಕರಿನಲ್ಲಿ ಚಂಡಮಾರುತದಿಂದ ಬೆಳೆ ಕೆಟ್ಟುದರಿಂದ ಹಸಿ ಕೋಡಿನ ಬೆಲೆ ಕಿಲೋಗೆ ಸಾವಿರಾರು ರೂಪಾಯಿಗೆ ಏರಿತು. ನಮ್ಮವರು ಬಳ್ಳಿಗೆ ರಾತ್ರಿ ಕಾವಲು ಕುಳಿತರು. ಕೆಲವೇ ವರ್ಷಗಳಲ್ಲಿ ಅದು ಕೇಳುವವರಿಲ್ಲದೆ ಬಿದ್ದಿತು. ಅದಕ್ಕೂ ಮೊದಲು ಉಪ್ಪಾಗೆಯ ಸರದಿ. 1990ರ ದಶಕದಲ್ಲಿ ಅದರ ಸಿಪ್ಪೆಯಿಂದ ಮೈ ಕರಗಿಸುವ ಔಷಧ ಮಾಡುತ್ತಾರೆಂದು ವಿದೇಶಗಳಿಂದ ಬೇಡಿಕೆ ಬಂದಾಗ ಕಾಯಿ ಹಣ್ಣಾಗುವ ಮೊದಲೇ ಕೊಯ್ದರು, ಕೊಂಬೆ ಕಡಿದರು, ಒಣಗಿಸಲು ಹೇರಳ ಕಟ್ಟಿಗೆ ಸುಟ್ಟರು. ಉಪವಾಸದಿಂದ ಆಗುವ ಕೆಲಸಕ್ಕೆ ನಮ್ಮ ಕಾಡು ಬೆಲೆ ತೆತ್ತಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯೊಂದು ಅದರಿಂದ ತೂಕ ಇಳಿಯುವುದು ಕಾಣಲಿಲ್ಲವೆಂದು ಹೇಳಿತು. ಬನವಾಸಿಯ ಕಡೆಯ ಗದ್ದೆಗಳಲ್ಲಿ ಗುತ್ತಿಗೆಗೆ ಹಿಡಿದು ಬೆಳೆಯುವ ಶುಂಠಿಯ ಕಥೆಯೂ ಬೇರೆಯಲ್ಲ. ಇವು ವೈವಿಧ್ಯವಲ್ಲ, ಒಂದು ಲೋಭದಿಂದ ಇನ್ನೊಂದು ಲೋಭಕ್ಕೆ ಜಿಗಿತ. ಬೆನ್ನು ಬದಲಾಯಿತು, ಹೊರೆ ಅಷ್ಟೇ ಉಳಿಯಿತು.

ಈ ಸೀಮೆಯ ಜನ 'ಬೇಡ' ಎನ್ನಲು ಬಲ್ಲರು. ಬೇಡ್ತಿಯ ಜಲವಿದ್ಯುತ್ ಯೋಜನೆಯನ್ನು 1980ರ ಹೊತ್ತಿನಲ್ಲಿ ತೋಟಿಗರೇ ಮುಂದಾಗಿ, ಲೆಕ್ಕ ಹಾಕಿ ತೋರಿಸಿ ವಿರೋಧಿಸಿದರು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಹುಟ್ಟಿತು. ಆಗ ಅವರ ಆಕ್ಷೇಪ ಏನಿತ್ತು? ನೂರು ಬಗೆಯ ಮರಗಳ ಕಾಡನ್ನು ಕಡಿದು ಒಂದೇ ಬಗೆಯ ತೇಗವನ್ನು ನೆಡುವುದು ವನವಲ್ಲ ಎಂಬುದು. ಅರಣ್ಯ ಇಲಾಖೆಗೆ ನಾವು ಹೇಳಿದ ಮಾತು ಅಕ್ಷರಶಃ ಸರಿ. ಅದೇ ಮಾತನ್ನು ನಮ್ಮ ಗದ್ದೆಗಳಿಗೆ ಏಕೆ ಅನ್ವಯಿಸಲಿಲ್ಲ? ಭತ್ತದ ಗದ್ದೆಯನ್ನು ಮಣ್ಣು ತುಂಬಿ ಅಡಿಕೆ ಸಸಿ ನೆಟ್ಟಾಗ ಅಪ್ಪಿಕೊಳ್ಳಲು ಯಾರು ಬಂದರು? ಬೇಡವೆನ್ನುವುದರಲ್ಲಿ ಇಷ್ಟು ಪ್ರವೀಣವಾದ ಸೀಮೆ 'ಇದು ಬೇಕು' ಎಂದು ಏನನ್ನು ಹೇಳಿತು? ಪ್ರವಾಸೋದ್ಯಮವೆಂದು ಸಹಸ್ರಲಿಂಗದ ಬಂಡೆಗಳ ಮೇಲೆ ಪ್ಲಾಸ್ಟಿಕ್ಕನ್ನು ಬಿಟ್ಟುಹೋಗುವ ಜನಸಂದಣಿಯೊಂದೇ ಉತ್ತರವಾಗಲಾರದು.

ಭಾರದ ಮಾತಿನಲ್ಲಿ ಹೊರುವವರ ಮಾತೂ ಬರಬೇಕು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ಇದೆ. ಎಕರೆಗೆ ಇಷ್ಟು ಕ್ವಿಂಟಲ್ ಎಂದು ಹೇಳುವಾಗ ಆ ಒಂಬತ್ತು ಎಕರೆಯ ಸೊಪ್ಪು, ತರಗೆಲೆ, ನೀರು ಯಾವ ಖಾತೆಯಲ್ಲಿ ಜಮೆಯಾಗುತ್ತವೆ? ತೋಟವಿಲ್ಲದವನಿಗೆ ಬೆಟ್ಟವೂ ಇಲ್ಲ. ಯಲ್ಲಾಪುರದ ಕಾಡಂಚಿನ ಸಿದ್ದಿಗಳು, ಗೌಳಿಗರು, ಕೊನೆ ಕೊಯ್ಯುವ, ಅಡಿಕೆ ಸುಲಿಯುವ ಬಡವರು ಧಾರಣೆ ಏರಿದಾಗ ಆ ಏರಿಕೆಯಲ್ಲಿ ಪಾಲುದಾರರಲ್ಲ; ಬಿದ್ದಾಗ ಮಾತ್ರ ಕೂಲಿಯಿಲ್ಲದವರು. ಮುರುಗಲು, ವಾಟೆ, ಉಪ್ಪಾಗೆ, ಹಲಸು, ಅಪ್ಪೆಮಿಡಿ ಇವು ತೋಟವಿಲ್ಲದವನ ಕೈಗೂ ಎಟಕುವ ಸರಕುಗಳು. ಇವುಗಳಿಗೆ ನ್ಯಾಯವಾದ ಬೆಲೆ, ಸರಿಯಾದ ತಕ್ಕಡಿ ಇದ್ದರೆ ಸೀಮೆಯ ಗಳಿಕೆ ಹರಡಿಕೊಳ್ಳುತ್ತದೆ. ಶಿರಸಿಯ ಕದಂಬ ಮಾರ್ಕೆಟಿಂಗ್ ಸೌಹಾರ್ದ ಸಹಕಾರಿಯು ಮುರುಗಲು, ಹಲಸುಗಳಿಗೆ ಮಾರುಕಟ್ಟೆ ಕಟ್ಟಲು ಯತ್ನಿಸುತ್ತಿದೆ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ನಾವು ಹಬ್ಬ ಮಾಡಿದೆವು. ಹಲಸಿನ ಹಪ್ಪಳ ಲಟ್ಟಿಸುವ ಹೆಂಗಸರ ದುಡಿಮೆಗೆ ಅಂತಹ ಹಬ್ಬ ಎಂದು?

ಜೇನು ಸಾಕಣೆಯನ್ನು ತಜ್ಞರು ಬಹಳವಾಗಿ ಶಿಫಾರಸು ಮಾಡುತ್ತಾರೆ. ಮಧುತ್ಯಾಗ ನಮ್ಮ ಮೂಲಗುಣಗಳಲ್ಲಿ ಸೇರಿರುವುದರಿಂದ ಶ್ರಾವಕನು ಅದನ್ನು ಮಾರಲಾರ. ನೆರೆಯವರ ಜೀವನೋಪಾಯವನ್ನು ನಿಂದಿಸುವ ಅಧಿಕಾರವೂ ನಮಗಿಲ್ಲ. ಆದರೆ ಏಲಕ್ಕಿಯ ಹೂವು ಕಾಯಿಗಟ್ಟಲು ಜೇನುಹುಳುವಿನ ಸಂಚಾರ ಬೇಕು. ತುಪ್ಪಕ್ಕೆ ಕೈಹಾಕದೆ ಹುಳುವನ್ನು ಮಾತ್ರ ಉಳಿಸುವ ತೋಟ ಶ್ರಾವಕನಿಗೆ ಸಾಧ್ಯ. ಅದಕ್ಕೆ ಬೇಕಾದುದು ವಿಷದ ಸಿಂಪಡಣೆಯಲ್ಲಿ ಹಿಡಿತ, ಬೇಲಿಯಂಚಿನಲ್ಲಿ ಕಾಡುಹೂಗಳಿಗೆ ಸ್ಥಳ.

ಪರರಿಗೆ ಬೋಧಿಸುವ ಮೊದಲು ನನ್ನ ದೋಷವನ್ನು ಹೇಳಿಕೊಳ್ಳುತ್ತೇನೆ. 2014ರಲ್ಲಿ ಕೆಂಪಡಿಕೆಯ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ ನಾನೂ ವಖಾರಿಯಲ್ಲಿ ಚೀಲಗಳನ್ನು ಒಟ್ಟಿಕೊಂಡು ಇನ್ನೂ ಏರೀತೆಂದು ಕಾದವನು. ಧಾರಣೆ ಇಳಿಯಿತು. ಮೊದಲೇ ಮಾರಿದ ನೆರೆಯ ವರ್ತಕನ ಲಾಭವನ್ನು ನೆನೆದು ರಾತ್ರಿ ನಿದ್ದೆ ಬರಲಿಲ್ಲ. ಅತಿಸಂಗ್ರಹ, ಅತಿಲೋಭ, ವಿಸ್ಮಯ ಮೂರೂ ಒಂದೇ ಋತುವಿನಲ್ಲಿ. ನನಗೆ ಹಣ ಹೋದುದಕ್ಕಿಂತ ಹೆಚ್ಚಿನ ದುಃಖ ಈಗ ಇನ್ನೊಂದಕ್ಕಿದೆ: ಆ ವರ್ಷ ಮುರುಗಲು ಸಿಪ್ಪೆ ತಂದ ಒಬ್ಬ ಮುದುಕಿಗೆ 'ಇದನ್ನು ಈಗ ಯಾರು ಕೊಳ್ಳುತ್ತಾರವ್ವಾ' ಎಂದು ಹೇಳಿ ಹಿಂದಕ್ಕೆ ಕಳಿಸಿದ್ದೆ. ಆಕೆ ಮತ್ತೆ ಬರಲಿಲ್ಲ.

ನಮ್ಮ ಸಂಖ್ಯೆ ಅಲ್ಪವೆಂಬುದು ನಿಜ. ಆದರೆ ವರ್ತಕನ ಒಂದು ನಿರ್ಧಾರ ಅನೇಕ ರೈತರ ಹೊಲವನ್ನು ಮುಟ್ಟುತ್ತದೆ. ಆದುದರಿಂದ ಸಮಾಜದ ಮುಂದೆ ನಾಲ್ಕು ನಿಯಮಗಳನ್ನು ಇಡುತ್ತೇನೆ. ಒಂದು, ಪ್ರತಿಯೊಬ್ಬ ವ್ಯಾಪಾರಿ ತನ್ನ ಬಂಡವಾಳದಲ್ಲಿ ಅಡಿಕೆಗೆ ಇಷ್ಟೇ ಪಾಲು ಎಂದು ಪರಿಮಾಣ ಮಾಡಿಕೊಳ್ಳಲಿ. ಅರ್ಧದಿಂದ ಆರಂಭಿಸಿ ವರ್ಷವರ್ಷವೂ ಇಳಿಸಲಿ. ಎರಡು, ಮುರುಗಲು, ಮೆಣಸು, ವಾಟೆ, ಹಲಸಿನ ಉತ್ಪನ್ನಗಳಿಗೆ ಋತುವಿನ ಮೊದಲೇ ಬೆಲೆ ಹೇಳಿ, ಹೇಳಿದ ಬೆಲೆಗೆ ಕೊಳ್ಳಲಿ. ಹಣ್ಣಾಗದ ಕಾಯಿಯನ್ನೂ ಕೊಂಬೆ ಕಡಿದು ತಂದ ಸರಕನ್ನೂ ಮುಟ್ಟದಿರಲಿ. ಮೂರು, ಭತ್ತದ ಗದ್ದೆಯನ್ನು ಅಡಿಕೆ ತೋಟ ಮಾಡಲು ಮುಂಗಡ ಕೊಡದಿರಲಿ, ಪೊಟ್ಟಣದ ಕಾರ್ಖಾನೆಗಳಿಗೆ ನೇರವಾಗಿ ಸರಕು ಕಳಿಸದಿರಲಿ. ನಾಲ್ಕು, ಬಸದಿಯ ಉತ್ಸವಗಳಿಗೂ ಮನೆಯ ಮದುವೆಗಳಿಗೂ ಬೇಕಾಗುವ ಅಕ್ಕಿ, ಬೆಲ್ಲ, ಸಾಂಬಾರ ವಸ್ತು, ಹಾಳೆಯ ತಟ್ಟೆ ಈ ಮೂರು ತಾಲೂಕುಗಳಿಂದಲೇ ಬರಲಿ.

ಇದರಿಂದ ಲಾಭ ಕಡಿಮೆಯಾಗುವುದಿಲ್ಲವೇ? ಆಗುತ್ತದೆ. ಕೆಲವು ವರ್ಷ ಖಂಡಿತ ಆಗುತ್ತದೆ. ಲಾಭ ಕಡಿಮೆಯಾಗದಂತೆ ಪರಿಗ್ರಹವನ್ನು ಮಿತಿಗೊಳಿಸುವ ಉಪಾಯ ಯಾವ ಆಚಾರ್ಯರೂ ಹೇಳಿಲ್ಲ.

ಭಗವಾನ್ ಮಹಾವೀರರ ನಿರ್ವಾಣದ ದಿನವೇ ದೀಪಾವಳಿ. ಅಂದೇ ನಾವು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸಿ ತೆರೆಯುತ್ತೇವೆ. ಸರ್ವವನ್ನೂ ತ್ಯಜಿಸಿದವರ ಮೋಕ್ಷದ ದಿನ ಸರ್ವವನ್ನೂ ಕೂಡಿಡುವ ಪುಸ್ತಕಕ್ಕೆ ಕುಂಕುಮ ಹಚ್ಚುವ ಈ ವಿಪರ್ಯಾಸವನ್ನು ಅರ್ಥಪೂರ್ಣಗೊಳಿಸಲು ಒಂದೇ ಮಾರ್ಗವಿದೆ. ಬರುವ ದೀಪಾವಳಿಯಂದು ಮೊದಲ ಪುಟದ ಮೇಲೆ 'ಲಾಭ' ಎಂದು ಬರೆಯುವ ಕೈ ಅದರ ಕೆಳಗೆ ಅಡಿಕೆಯ ಪರಿಮಾಣವನ್ನೂ ಅಂಕಿಯಲ್ಲಿ ಬರೆಯಲಿ. ನಾನು ಬರೆಯಲಿದ್ದೇನೆ. ಆ ಮುಂದಿನ ಸಾಲಿನಲ್ಲಿ, ನನ್ನ ತಂದೆಯವರು ಬರೆಯುತ್ತಿದ್ದಂತೆ, ಮುರುಗಲು ಸಿಪ್ಪೆಗೆ ಒಂದು ಖಾತೆಯನ್ನೂ ತೆರೆಯಲಿದ್ದೇನೆ.